ಉಪ್ಪುನೀರಲ್ಲಿ ಹೊಳೆದ ಸಿಗಡಿ

ಸಿಗಡಿ ಕೆಡದಂತೆ ಕಾಪಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಮುಂಬಯಿಯಲ್ಲಿ ಇಲ್ಲವೆಂದು ನಂಬಿದ್ದೆ. ಐವತ್ತರ ದಶಕದ ಮಾತು. ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲೂ ಫ್ರಿಜ್ ಇರಲಿಲ್ಲ, ವಿದ್ಯೆಯೇ ಗತಿ!

ತಂಗಿ ವಸಂತಿಯನ್ನು ನೋಡಲು ಭಾನುವಾರ ಸಂಜೆ ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ಸಂಬಂಧಗಳೆಲ್ಲ ತಪ್ಪಿಹೋಗಿ, ಇದೂ ತಪ್ಪಿದರೆ ಎಂಬ ಚಿಂತೆಯಲ್ಲಿ ಪಾಪ, ಅವಳಿಗೆ ಊಟವೇ ಸೇರುತ್ತಿರಲಿಲ್ಲ. ಗಂಡಿನ ಮನೆಯವರಿಗೆ ಸಿಗಡಿ ಎಂದರೆ ಪ್ರಾಣವಂತೆ. ಶನಿವಾರವೇ ಮೀನಿನ ದೋಣಿಗಳು ಬರುವ ಧಕ್ಕೆಗೆ ಹೋಗಿ ಬುಟ್ಟಿ ತುಂಬ ತಂದೆ.

"ಇವತ್ತೇ ಬೇಯಿಸಿ ಇಡ್ತೇನೆ ಮಾರಾಯ್ರೆ," ಎಂದಳು ಹೆಂಡತಿ ಸುಮತಿ.

"ಬೇಡ! ಉಪ್ಪುನೀರಲ್ಲಿ ಹಾಕಿಡು. ಸಮುದ್ರದಲ್ಲಿ ಇದ್ದದ್ದು ಉಪ್ಪಲ್ಲಿ ಕೆಡ್ತದಾ?" ಎಂದು ಅಪ್ಪಣೆ ಕೊಡಿಸಿದೆ.

ಮರುದಿನ ಬೆಳಕು ಹರಿಯುವ ಮೊದಲೇ ಸುಮತಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಕಿಟಕಿಯಿಲ್ಲದ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ನೀಲಿಯಾಗಿ ಹೊಳೆಯುತ್ತಿತ್ತು. ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಒಂದೊಂದು ಸಿಗಡಿಯ ಬಾಗಿದ ಬೆನ್ನೂ ಬೇರೆಬೇರೆಯಾಗಿ ಕಾಣುತ್ತಿತ್ತು. ಬೆರಳದ್ದಿದೆ. ಬೆರಳೂ ಹೊಳೆಯಿತು! ನನ್ನ ಕೈ ನನ್ನದಲ್ಲವೆನಿಸಿತು.

ಗಲಾಟೆ ಕೇಳಿ ಪಕ್ಕದ ಮನೆಯ ಕಮಲಕ್ಕ ಬಂದರು. "ಈ ಖೋಲಿಯಲ್ಲಿ ಮೊದಲಿದ್ದ ಮುದುಕ ಮೀನು ಮೀನು ಅಂತಲೇ ಸತ್ತದ್ದು. ಅವನ ದೃಷ್ಟಿ ಇದು! ಉಪ್ಪು ನಿವಾಳಿಸಿ ಹಾಕಿ," ಎಂದು ಪಿಸುಗುಟ್ಟಿದರು.

ನಿವಾಳಿಸಿದ ಉಪ್ಪನ್ನು ಮೋರಿಗೆ ಹಾಕಬೇಕು. ನನ್ನ ಕೈ ತಪ್ಪಿ ಹಿಡಿ ಉಪ್ಪೂ ಪಾತ್ರೆಗೇ ಬಿತ್ತು. ನೀರು ಕಲಕಿತು. ಬೆಳಕು ಭಗ್ಗೆಂದಿತು!

ಕಮಲಕ್ಕ ಮಾಯವಾದರು. ನನಗೆ ರೋಷ ಬಂತು. ಮೆಟ್ರಿಕ್ ಪಾಸಾದ ಗುಮಾಸ್ತ ಸಿಗಡಿಗೆ ಹೆದರುವುದೇ? ಒಂದಷ್ಟು ಎತ್ತಿ ಅರೆಬರೆ ಹುರಿದು ಸುಮತಿಯ ಎದುರಿಗೇ ತಿಂದೆ. ರುಚಿಯಾಗಿಯೇ ಇತ್ತು. ಅದೇ ಮೋಸ! ಉಳಿದದ್ದನ್ನು ಸುಮತಿ ಚೆಲ್ಲಿ, ನೆಂಟರಿಗೆಂದು ನುಗ್ಗೆಕಾಯಿ ಹುಳಿ ಮಾಡಿದಳು.

ಸಂಜೆ ಗಂಡಿನ ಕಡೆಯವರು ಮೆಟ್ಟಿಲು ಹತ್ತುವಾಗಲೇ ನನ್ನ ಹೊಟ್ಟೆಯೊಳಗೆ ಯಾರೋ ತಿರುಗಾಡಿದಂತಾಯಿತು. ನಮಸ್ಕಾರ ಎಂದವನೇ ವರಾಂಡದ ತುದಿಯ ಸಂಡಾಸಿಗೆ ಓಡಿದೆ. ಒಳಗೆ ಬಲ್ಬಿಲ್ಲ. ಆ ಕತ್ತಲಲ್ಲಿ ನನ್ನ ಬೆರಳುಗಳನ್ನೇ ನೋಡುತ್ತ, ಮುದುಕನ ಕ್ಷಮೆ ಕೇಳುತ್ತ ಕೂತೆ. ಯಾರೋ ಬಾಗಿಲು ಬಡಿದರು. ಮುದುಕನೇ ಬಂದನೆಂದುಕೊಂಡೆ.

"ಒಳಗೆ ಯಾರು ಮಾರಾಯ್ರೆ?"

ಗಂಡಿನ ಅಪ್ಪ!

"ಹುಡುಗಿಯ ಅಣ್ಣ," ಎಂದು ನರಳಿದೆ.

ಹೊರಗೆ ಅವರ ಚಪ್ಪಲಿ ಅವಸರದಲ್ಲಿ ಅತ್ತಿತ್ತ ಸರಿದಾಡಿತು. "ಹುಡುಗಿ ನಮಗೆ ಒಪ್ಪಿಗೆ. ಮಾತುಕತೆ ಎಲ್ಲ ಆಮೇಲೆ. ಮೊದಲು ನೀವು ಹೊರಗೆ ಬನ್ನಿ!"

ವಸಂತಿಯ ಮದುವೆ ನಿಶ್ಚಯವಾದದ್ದು ಹೀಗೆ.

ಮರುದಿನ ಡಾಕ್ಟರರು ನಕ್ಕರು. "ಸಮುದ್ರದ ಕೆಲವು ಕ್ರಿಮಿಗಳಿಗೆ ಉಪ್ಪಿದ್ದರೇ ಹಬ್ಬ. ಹೊಳೆಯುವವೂ ಇವೆ, ಹೊಟ್ಟೆ ಕೆಡಿಸುವವೂ ಇವೆ. ನೀವು ಕಾಪಾಡಿದ್ದು ಸಿಗಡಿಯನ್ನಲ್ಲ, ಅವುಗಳನ್ನು!"

ಆದರೂ ಮನೆಗೆ ಬಂದವನು ಅಡುಗೆಮನೆಯ ಬಾಗಿಲು ಹಾಕಿ, ದೀಪ ಆರಿಸಿ, ಬನಿಯನ್ ಎತ್ತಿ ಹೊಟ್ಟೆ ನೋಡಿಕೊಂಡೆ.

"ಎಂತ ಹುಡುಕ್ತಿದ್ದೀರಿ?" ಎಂದಳು ಬಾಗಿಲು ತಳ್ಳಿ ಬಂದ ಸುಮತಿ.

"ಒಳಗೆ ಬೆಳಕು ಉಂಟಾ ಅಂತ."

"ಹೆದರ್ಬೇಡಿ," ಎಂದಳು. "ಇದ್ದಿದ್ರೆ ಶನಿವಾರವೇ ಬೇಯಿಸಲಿಕ್ಕೆ ಬಿಡ್ತಿದ್ರಿ."