ಮೂರು ನಿಮಿಷದ ಕುಶಲ

ಫೋನೆಂದರೆ ನನಗೆ ಇಂದಿಗೂ ಭಯ. ಗಂಟೆ ಬಾರಿಸಿದರೆ ಸಾಕು, ಅಂಗೈ ಒದ್ದೆಯಾಗುತ್ತದೆ. ಬಿ.ಎ. ಓದಿದವನಿಗೆ ಇದು ಶೋಭಿಸುವುದಿಲ್ಲ ಎನ್ನುತ್ತಾಳೆ ಹೆಂಡತಿ. ಆ ದಿನ ನಾನು ಆಡಿದ ಮಾತುಗಳನ್ನು ಅವಳು ಕೇಳಿಲ್ಲ.

ಆಗ ನಾನು ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಗುಮಾಸ್ತ. ಮಳೆಗಾಲ ಆಗಷ್ಟೇ ಹಿಡಿದಿತ್ತು. ಸಾಂಗಲಿಯಿಂದ ಬಂದ ಲಾರಿ ಚಾಲಕ ಚಹಾ ಕುಡಿಯುತ್ತ, “ಹೊಳಿ ಒಂದ ಸವನ ಏರಾಕತ್ತೈತ್ರಿ. ಮ್ಯಾಲಿಂದ ನೀರ ಬಿಟ್ಟಾರಂತ” ಎಂದ. ನಾನು ಫೋನಿನ ಕಡೆಗೆ ಓಡಿದೆ. ದಿಗ್ಗೇವಾಡಿಯಲ್ಲಿ ನಮ್ಮಣ್ಣ ಪಂಪ್‌ಸೆಟ್ ಮೇಲೆತ್ತಲು ಅಂದು ಮಧ್ಯಾಹ್ನವೇ ಕೃಷ್ಣೆಗೆ ಇಳಿಯುವವನಿದ್ದ. ಹಾಗೆಂದು ಕಾಗದ ಬರೆದಿದ್ದ. ಅವನಿಗೆ ಈಜು ಬರುತ್ತದೆ, ಆದರೆ ಪಂಪ್ ಬಿಟ್ಟು ಈಜುವ ಆಸಾಮಿಯಲ್ಲ.

ಆ ಕಾಲದ ಟ್ರಂಕ್ ಕಾಲ್ ಎಂದರೆ ಸಾಲಾಗಿ ನಿಂತವರು ನೀರಿನ ಕೊಡ ದಾಟಿಸಿದಂತೆ. ನಮ್ಮ ಆಪರೇಟರ್ ಅಕ್ಕಾವರು ಚಿಕ್ಕೋಡಿಯನ್ನು ಕೂಗಬೇಕು, ಚಿಕ್ಕೋಡಿಯವರು ರಾಯಬಾಗವನ್ನು, ರಾಯಬಾಗದವರು ದಿಗ್ಗೇವಾಡಿಯ ಅಂಚೆ ಕಚೇರಿಯನ್ನು. ನಡುವೆ ಒಬ್ಬರ ವಯರು ಸಡಿಲಾದರೂ ಎಲ್ಲರೂ ಮೂಕರು. ಇಷ್ಟೆಲ್ಲ ಆಗಿ ಮಾತಿಗೆ ಮೂರೇ ನಿಮಿಷ. ಅರ್ಧ ಗಂಟೆ ಬೆವರಿದ ಮೇಲೆ ಪೋಸ್ಟ್ ಮಾಸ್ತರರ ದನಿ ಕೇಳಿತು. ನನ್ನ ನಾಲಿಗೆ ತನ್ನ ರೂಢಿಗೆ ಬಿತ್ತು.

“ನಮಸ್ಕಾರ್ರಿ ಮಾಸ್ತರ, ಆರಾಮದೀರಿ?”

“ಆರಾಮ್ರಿ. ಮನ್ಯಾಗ ಎಲ್ಲಾರೂ?”

“ಎಲ್ಲಾ ಆರಾಮ್ರಿ.”

“ತಂಬಾಕ ಹೆಂಗೈತ್ರಿ ಈ ಸಲ?”

ನಮ್ಮ ಕಡೆ ಕುಶಲ ಕೇಳದೆ ವಿಷಯಕ್ಕೆ ಬಂದರೆ ಯಾರೋ ಸತ್ತರೆಂದೇ ತಿಳಿಯುತ್ತಾರೆ. ಅವರನ್ನು ಹೆದರಿಸಬಾರದೆಂದು ತಂಬಾಕು, ಮಳೆ, ಅವರ ಮೊಣಕಾಲು ಎಲ್ಲ ಮುಗಿಸಿ, “ಅಂದಂಗ ಮಾಸ್ತರ, ನಮ್ಮಣ್ಣ...” ಎನ್ನುವಷ್ಟರಲ್ಲಿ ಟಕ್ಕೆಂದು ಲೈನು ಹೋಯಿತು.

“ಮೂರ ಮಿನಿಟ ಆತ್ರಿ” ಎಂದರು ಅಕ್ಕಾವರು. ಅಳುದನಿಯಲ್ಲಿ ಸಂಗತಿ ಹೇಳಿದೆ. “ಇದನ್ನ ಬಿಟ್ಟು ಮೊಣಕಾಲಿನ ಮಾತ ಯಾಕ ಆಡಿದ್ರಿ? ಫೋನ್ ಇಡ್ರಿ, ನಾ ಹೇಳಿ ಕಳಸ್ತೀನಿ.” ಆಪರೇಟರುಗಳು ತಮ್ಮತಮ್ಮಲ್ಲೇ ಸುದ್ದಿ ದಾಟಿಸಿದರು, ಯಾರೂ ಯಾರ ಆರೋಗ್ಯವನ್ನೂ ವಿಚಾರಿಸಲಿಲ್ಲವಂತೆ.

ಮುಂದಿನ ಒಂದು ಗಂಟೆ ಆ ಕರಿ ಫೋನನ್ನೇ ನೋಡುತ್ತ ಕುಳಿತೆ. ಅದರ ಡಬ್ಬಿಯೊಳಗೆ ನೀರು ಮೊರೆಯುತ್ತಿರುವಂತೆ ಕೇಳಿಸುತ್ತಿತ್ತು. ಕೊನೆಗೆ ಗಂಟೆ ಬಾರಿಸಿತು. ಅಕ್ಕಾವರೇ. “ನಿಮ್ಮಣ್ಣ ಹೊಳಿಯಿಂದ ದಂಡಿಗೆ ಬಂದಾರ್ರಿ. ಪಂಪ್ ಹೋತಂತ.”

ಮರುವಾರ ಊರಿಗೆ ಹೋದವನು ತುಸು ಬೀಗಿಯೇ ಕೇಳಿದೆ: “ನಾ ಫೋನ್ ಮಾಡಲಿಲ್ಲಂದ್ರ ಏನಾಗ್ತಿತ್ತಣ್ಣಾ?”

ಅಣ್ಣ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದ: “ಮುಗಲ ನೋಡಿ ನನಗೂ ಅಳುಕಿತ್ತು ತಮ್ಮಾ. ಇವತ್ತ ಇಳಿಯೂದ ಬ್ಯಾಡಂತ ಅಂಚಿ ಕಚೇರಿ ಕಟ್ಟಿಮ್ಯಾಲ ಕುಂತಿದ್ದೆ. ಅಷ್ಟ್ರಾಗ ಮಾಸ್ತರು ಹೊರಗ ಬಂದು, ‘ನಿನ್ನ ತಮ್ಮ ಫೋನ್ ಮಾಡಿದ್ದ, ಆ ಕಡೆ ಎಲ್ಲಾ ಆರಾಮ ಐತಂತ’ ಅಂದ್ರು. ಧೈರ್ಯಾ ಬಂತು, ಇಳದೆ.”