ಹೊಟ್ಟೆನೋವಿನ ರಜೆ

ಎಲ್ಲದಕ್ಕೂ ಕಾರಣ ಕಂಠಪ್ಪನ ಹೊಟ್ಟೆನೋವು. ಆ ಹೊಟ್ಟೆನೋವು ಅವನಿಗೆ ಇರಲೇ ಇಲ್ಲ ಅನ್ನುವುದು ಬೇರೆ ಮಾತು. ಇದ್ದಿದ್ದರೆ ಒಂದು ಮಾತ್ರೆಗೆ ಹೋಗುತ್ತಿತ್ತು. ಇಲ್ಲದ ಹೊಟ್ಟೆನೋವಿಗೆ ಮದ್ದೆಲ್ಲಿಂದ ತರೋಣ?

ತೊಂಬತ್ತಾರನೇ ಇಸವಿ. ಹುಣಸೂರಿನ ಒಂದು ಬಿತ್ತನೆ ಬೀಜದ ಕಂಪನಿಯಲ್ಲಿ ಕಂಠಪ್ಪ ಫೀಲ್ಡ್‌ಮನ್. ದಿನಕ್ಕೊಂದು ದಿಕ್ಕಿನ ಹಳ್ಳಿಗಳನ್ನು ಸುತ್ತಿ, ರೈತರ ಮುಂದೆ ಮುಸುಕಿನ ಜೋಳದ ಬೀಜದ ಗುಣಗಾನ ಮಾಡುವುದು ಅವನ ಉದ್ಯೋಗ. ವಯಸ್ಸು ಮೂವತ್ತೊಂದು. ಸ್ವಂತದ್ದು ಅಂತ ಹೇಳಿಕೊಳ್ಳಲು ಇದ್ದದ್ದು ಒಂದು ಕೆಂಪು ಯೆಜ್ಡಿ ಬೈಕು. ದಿನಾ ಬೆಳಿಗ್ಗೆ ಅದನ್ನು ಹಸುವಿನ ಮೈ ತೊಳೆದಂತೆ ತೊಳೆದು, ಒರೆಸಿ, ಎರಡು ಸಲ ಸುತ್ತ ತಿರುಗಿ ನೋಡಿದ ಮೇಲೆಯೇ ಅವನು ಕಾಫಿ ಕುಡಿಯುತ್ತಿದ್ದದ್ದು.

ಮದುವೆ ವಿಷಯದಲ್ಲಿ ಮಾತ್ರ ಪಾಪ, ಅವನ ಹಣೆಬರಹ ನೆಟ್ಟಗಿರಲಿಲ್ಲ. ಆರು ಕಡೆ ಹೆಣ್ಣು ನೋಡಿ ಬಂದಿದ್ದ. ಆರೂ ಕಡೆಯವರು "ಆಮೇಲೆ ತಿಳಿಸ್ತೀವಿ" ಅಂದಿದ್ದರು. ಯಾರೂ ತಿಳಿಸಲಿಲ್ಲ. ಹೋಗೋ ಮುಂಚೆ ಊರಿಗೆಲ್ಲ ಡಂಗುರ ಹೊಡೆಯುತ್ತಾನೆ, ಕಣ್ಣು ಬೀಳದೆ ಇರುತ್ತಾ ಅನ್ನುವುದು ಅವರಮ್ಮನ ವಾದ.

ಏಳನೆಯದು ಹಾಗಲ್ಲ. ಗುರುವಾರದ ರೌಂಡಿನಲ್ಲಿ ಮಿರ್ಲೆ ಬರುತ್ತಿತ್ತು. ಅಲ್ಲಿ ಚನ್ನಬಸವಣ್ಣನವರ ಮನೆಯ ಜಗಲಿಯಲ್ಲಿ ಅವರ ಮಗಳು ಪ್ರಮೀಳಾ ಹೊಲಿಗೆ ಮಿಷನ್ ಮುಂದೆ ಕೂತಿರುತ್ತಿದ್ದಳು. ಕಂಠಪ್ಪನ ಬೈಕು ಆ ಮನೆ ಹತ್ತಿರ ಬಂದರೆ ಎರಡನೇ ಗೇರಿಗೆ ಇಳಿಯುತ್ತಿತ್ತು. ಅವಳ ಮಿಷನ್ ಚಕ್ರವೂ ಗಕ್ಕನೆ ನಿಲ್ಲುತ್ತಿತ್ತು. ಆರು ತಿಂಗಳು, ಗುರುವಾರ ಗುರುವಾರ, ಇಷ್ಟೇ. ಆ ರಸ್ತೆಯ ಧೂಳಿಗೆ ಅವನು ಮೂಗಿನ ತನಕ ಟವಲ್ ಸುತ್ತಿ, ಕಣ್ಣಿಗೆ ಕೂಲಿಂಗ್ ಗ್ಲಾಸ್ ಹಾಕಿರುತ್ತಿದ್ದ. ಒಂದು ದಿನವಾದರೂ ಗಾಡಿ ನಿಲ್ಲಿಸಿ, ಟವಲ್ ಬಿಚ್ಚಿ, ಒಂದು ಲೋಟ ನೀರು ಕೇಳಬಾರದಿತ್ತೇ? ಅಷ್ಟು ಎದೆ ಇದ್ದಿದ್ದರೆ ಅವನು ಕಂಠಪ್ಪ ಯಾಕಾಗುತ್ತಿದ್ದ!

ಕೊನೆಗೆ ಮದುವೆ ದಲ್ಲಾಳಿ ಕುಳ್ಳಯ್ಯನನ್ನು ಹಿಡಿದ. ಕುಳ್ಳಯ್ಯ ಹೋಗಿ ಮಾತಾಡಿ, ಬರುವ ಗುರುವಾರ ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಗಂಡನ್ನು ಕರೆತರುತ್ತೇನೆ ಅಂತ ಗೊತ್ತು ಮಾಡಿಕೊಂಡು ಬಂದ. "ಫೋಟೋ ಯಾಕೆ ಸ್ವಾಮಿ, ಕೆಂಪು ಬೈಕಲ್ಲಿ ಬತ್ತಾರಲ್ಲ, ಅವರೇ ಗಂಡು" ಅಂತಲೂ ಹೇಳಿ ಬಂದಿದ್ದ.

ಈ ಸಲ ಕಂಠಪ್ಪ ಯಾರಿಗೂ ಬಾಯಿ ಬಿಡಲಿಲ್ಲ. ಮ್ಯಾನೇಜರಿಗೆ ಹೊಟ್ಟೆನೋವು ಅಂತ ಚೀಟಿ ಬರೆದು ರಜೆ ಹಾಕಿದ. ಗುರುವಾರ ಬೆಳಿಗ್ಗೆ ಬಿಳಿ ಪ್ಯಾಂಟು, ಬಿಳಿ ಷರಟು ತೊಟ್ಟು, ಬಸ್ ಸ್ಟ್ಯಾಂಡ್ ಎದುರಿನ ಚಲುವಯ್ಯನ ಕೆಫೆಗೆ ಏಳು ಗಂಟೆಗೇ ಬಂದು ಕೂತ. ಕುಳ್ಳಯ್ಯ ಒಂಬತ್ತಕ್ಕೆ ಅಲ್ಲಿಗೇ ಬರಬೇಕಿತ್ತು.

ಕುಳ್ಳಯ್ಯನಿಗಿಂತ ಮೊದಲು ಬಂದವನು ಶಿವಶಂಕರ. ಅದೇ ಕಂಪನಿಯ ಇನ್ನೊಬ್ಬ ಫೀಲ್ಡ್‌ಮನ್, ಬ್ರಹ್ಮಚಾರಿ. ಬೈಕಿಲ್ಲದ ಅವನು ಹಳ್ಳಿಗಳನ್ನೆಲ್ಲ ಬಸ್ಸಿನಲ್ಲೇ ಸುತ್ತುತ್ತಿದ್ದ. ಎಲ್ಲಿ ತಿಂಡಿ ಸಿಕ್ಕರೂ ಬೇಡ ಅನ್ನದ ಮನುಷ್ಯ.

"ಲೋ ಕಂಠ, ಗಾಡಿ ಕೀ ಕೊಡ್ಲಾ. ನೀನು ರಜಾ ಹಾಕಿದ್ದಕ್ಕೆ ನಿನ್ನ ರೌಂಡು ನನ್ನ ತಲೆಗೆ ಕಟ್ಟವ್ರೆ."

"ಗಾಡಿ ಆಗಕಿಲ್ಲ ಕಣ್ಲಾ, ನಂಗೆ ಬೇಕು."

"ಹೊಟ್ಟೆನೋವು ಅಂತ ಮನೇಲಿ ಬಿದ್ಕೊಳ್ಳೋನಿಗೆ ಗಾಡಿ ಯಾಕ್ಲಾ?"

ಹೆಣ್ಣು ನೋಡೋಕೆ ಅಂದರೆ ಕಣ್ಣು ಬೀಳುತ್ತದೆ. ಬೇರೆ ಸುಳ್ಳು ಹುಡುಕುವಷ್ಟು ಚುರುಕು ಕಂಠಪ್ಪನಿಗಿರಲಿಲ್ಲ.

"ಹೊಸ ಅಗ್ರಹಾರದಲ್ಲಿ ಒಬ್ಬ ರೈತನ್ನ ಕಂಡು ಒಂಬತ್ತೂವರೆಗೆಲ್ಲ ಬಂದುಬುಡ್ತೀನಿ. ನಿನ್ನ ಕೆಲಸಾನೇ ತಾನೆ ನಾ ಮಾಡ್ತಿರೋದು?" ಅಂತ ಶಿವಶಂಕರ ಅವನ ಜೇಬಿಗೇ ಕೈ ಹಾಕಿ ಕೀ ತೆಗೆದುಕೊಂಡ. ಬಾಕ್ಸಿನಲ್ಲಿದ್ದ ಟವಲು, ಕೂಲಿಂಗ್ ಗ್ಲಾಸು ಬೈಕಿನ ಜೊತೆಗೇ ಹೋದವು.

ಹೊಟ್ಟೆನೋವು ಅನ್ನುವ ಮಾತು ಗಲ್ಲಾದ ಮೇಲೆ ಕೂತಿದ್ದ ಚಲುವಯ್ಯನ ಕಿವಿಗೆ ಬಿತ್ತು. ಊರಿನ ಕಷ್ಟವೆಲ್ಲ ತನ್ನದೇ ಅಂದುಕೊಂಡ ಆಸಾಮಿ ಅವನು.

"ಅಯ್ಯೋ ನಿನ್ನ! ಹೊಟ್ಟೆನೋವು ಇಟ್ಕೊಂಡು ಮಸಾಲೆ ದೋಸೆ ಯೋಳಿದ್ದೀಯಲ್ಲೋ?" ಅಂತ ಮುಂದಿದ್ದ ದೋಸೆಯನ್ನು ಎತ್ತಿ ಪಕ್ಕದ ಟೇಬಲ್ಲಿಗೆ ಕೊಟ್ಟ. ಒಳಗೆ ಹೋಗಿ ಒಂದು ದೊಡ್ಡ ಲೋಟ ಬಿಸಿ ಕಾಫಿ ತಂದಿಟ್ಟ. ಅದರ ಮೇಲೆ ಎಣ್ಣೆ ತೇಲುತ್ತಿತ್ತು.

"ಏನ್ ಚಲುವಣ್ಣ ಇದು?"

"ಹರಳೆಣ್ಣೆ ಕಣೋ. ನಮ್ಮವ್ವ ಕೊಡ್ತಿದ್ದ ಅಳತೇನೇ ಹಾಕಿದ್ದೀನಿ. ಕುಡಿ, ಹೊಟ್ಟೆ ಕನ್ನಡಿ ಆಯ್ತದೆ."

"ನಂಗೆ ಈಗ ವಾಸಿ ಆಗದೆ ಕಣಣ್ಣ."

"ಎಲ್ಲಾರೂ ಅಂಗೇ ಅನ್ನದು. ಕುಡಿತೀಯೋ, ನಿಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿ ಡಾಕ್ಟ್ರ ತಾವ ಕಳಿಸ್ಲೋ?"

ಮ್ಯಾನೇಜರ್ ಹೆಸರು ಕೇಳಿದ್ದೇ ಕಂಠಪ್ಪ ಕಣ್ಣು ಮುಚ್ಚಿ ಗಟಗಟ ಕುಡಿದ. ಅಕ್ಕಪಕ್ಕದ ಟೇಬಲ್ಲಿನವರು ಒಳ್ಳೆ ಕೆಲಸ ಆಯ್ತು ಅಂತ ತಲೆಯಾಡಿಸಿದರು. ಅವರಲ್ಲೊಬ್ಬ ಅವನ ದೋಸೆ ತಿನ್ನುತ್ತಿದ್ದ.

ಒಂಬತ್ತಕ್ಕೆ ಕುಳ್ಳಯ್ಯ ಬಂದ. ಒಂಬತ್ತೂವರೆ ಆಯಿತು, ಹತ್ತಾಯಿತು, ಹತ್ತೂವರೆಯಾಯಿತು. ರಸ್ತೆಯಲ್ಲಿ ಹೋಗುವ ಪ್ರತಿ ಬೈಕಿನ ಸದ್ದಿಗೂ ಕಂಠಪ್ಪ ಎದ್ದು ಬಾಗಿಲಿಗೆ ಓಡುತ್ತಿದ್ದ. ತನ್ನ ಯೆಜ್ಡಿಯ ಡುಬುಡುಬು ಒಂದು ಮೈಲಿ ಆಚೆಯಿಂದ ಗುರುತು ಹತ್ತುತ್ತಿತ್ತು ಅವನಿಗೆ. ಅದೊಂದು ಬಿಟ್ಟು ಲೋಕದ ಸದ್ದೆಲ್ಲ ಕೇಳಿಸಿತು.

"ಬಸ್ಸಿಗೆ ಓಗುಮ ನಡೀರಿ ಸ್ವಾಮಿ," ಅಂದ ಕುಳ್ಳಯ್ಯ. "ರಾಹುಕಾಲ ನಿಮ್ಮ ಗಾಡಿಗೆ ಕಾಯಕಿಲ್ಲ."

ಕೆ.ಆರ್. ನಗರದ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಬಸ್ಸು ಕಟ್ಟೆಮಳಲವಾಡಿ ಹತ್ತಿರ ಬರುವಷ್ಟರಲ್ಲಿ ಚಲುವಯ್ಯನ ಅವ್ವನ ಅಳತೆ ತನ್ನ ಕೆಲಸ ಶುರು ಮಾಡಿತು. ಕಂಠಪ್ಪ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು ಮೂಡಿತು.

"ಕಂಡಕ್ಟ್ರೇ, ಸ್ವಲ್ಪ ನಿಲ್ಸಿ."

"ಇಲ್ಲಿ ಸ್ಟಾಪ್ ಇಲ್ಲ ಕಣ್ರೀ."

"ನಿಲ್ಸಪ್ಪಾ, ನಿನ್ನ ದಮ್ಮಯ್ಯ ಅಂತೀನಿ!"

ಬಸ್ಸು ನಿಂತಿತು. ಕಂಠಪ್ಪ ಕಬ್ಬಿನ ಗದ್ದೆಯೊಳಗೆ ಮಾಯವಾದ. ಇಡೀ ಬಸ್ಸು ಕಿಟಕಿಗೆ ಬಂದು ಕಾಯಿತು. ಅವನು ವಾಪಸು ಹತ್ತಿದಾಗ ಬಿಳಿ ಪ್ಯಾಂಟು ಮೊಣಕಾಲ ತನಕ ಕೆಸರು. ಒಬ್ಬಳು ಮುದುಕಿ ಜೀರಿಗೆ ಅಗಿ ಮಗ ಅಂದಳು, ಇನ್ನೊಬ್ಬರು ಮೆಂತ್ಯ ನುಂಗು ಅಂದರು. ಕೆ.ಆರ್. ನಗರ ತಲುಪುವುದರೊಳಗೆ ಬಸ್ಸು ಇನ್ನೊಂದು ಸಲ ನಿಂತಿತು. ಈ ಸಲ ಕಂಡಕ್ಟರ್ ತಾನಾಗಿಯೇ ವಿಷಲ್ ಹೊಡೆದ. ಅಲ್ಲಿ ಬಸ್ಸು ಬದಲಾಯಿಸಿ ಮಿರ್ಲೆಯಲ್ಲಿ ಇಳಿದಾಗ ಒಂದು ಗಂಟೆ.

ಚನ್ನಬಸವಣ್ಣನವರ ಮನೆಯ ತಿರುವಿಗೆ ಬಂದ ಕಂಠಪ್ಪ ಮರದಂತೆ ನಿಂತುಬಿಟ್ಟ. ಜಗಲಿಯ ಪಕ್ಕ, ಹೊಂಗೆ ಮರದ ನೆರಳಲ್ಲಿ, ಅವನ ಕೆಂಪು ಯೆಜ್ಡಿ ನಿಂತಿತ್ತು. ಹ್ಯಾಂಡಲ್ಲಿಗೆ ಯಾರೋ ಕುಂಕುಮ ಇಟ್ಟಿದ್ದರು.

"ಇದೇನ್ ಸ್ವಾಮಿ," ಅಂದ ಕುಳ್ಳಯ್ಯ, "ನಿಮ್ಮ ಗಾಡಿ ನಿಮಗಿಂತ ಮುಂಚೆ ಬಂದುಬುಟ್ಟದೆ!"

ಒಳಗೆ ನಡುಮನೆಯಲ್ಲಿ ಹೊಸ ಜಮಖಾನದ ಮೇಲೆ ಶಿವಶಂಕರ ಕೂತಿದ್ದ. ಹಣೆ ತುಂಬ ವಿಭೂತಿ, ಕಿವಿಯಲ್ಲಿ ಹೂವು, ಮುಂದೆ ಎರಡನೇ ಸಲ ಬಡಿಸಿದ ಉಪ್ಪಿಟ್ಟು, ಕೇಸರಿಬಾತು. ಕಂಠಪ್ಪನನ್ನು ಕಂಡದ್ದೇ ಅವನ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತು.

ಆದದ್ದು ಇಷ್ಟು. ಹೊಸ ಅಗ್ರಹಾರದ ರೈತ ಮಿರ್ಲೆಯ ನೆಂಟರ ಮನೆಗೆ ಹೋಗಿದ್ದ. ಅವನನ್ನು ಹುಡುಕಿಕೊಂಡು ಬಂದ ಶಿವಶಂಕರ ದಾರಿ ಕೇಳಲು ಈ ಮನೆ ಮುಂದೆ ಬೈಕು ನಿಲ್ಲಿಸಿದ್ದ. ಬಾಗಿಲಲ್ಲೇ ಕಾಯುತ್ತಿದ್ದ ಚನ್ನಬಸವಣ್ಣನವರು ಓಡಿ ಬಂದು, "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೊ. ಕುಳ್ಳಯ್ಯ ಇಂದ್ಗಡೆ ಬತ್ತವ್ನಾ?" ಅಂತ ಕೈ ಹಿಡಿದು ಒಳಗೆ ಕರೆದೊಯ್ದರು. ಬೀಜದ ಕಂಪನಿಯವರಿಗೆ ಈ ಊರಲ್ಲಿ ಎಷ್ಟು ಮರ್ಯಾದೆ ಅಂದುಕೊಂಡು ಶಿವಶಂಕರ ಉಪ್ಪಿಟ್ಟಿಗೆ ಕೂತ. ಮನೆದೇವರು ಯಾರು ಅಂದರು, ಹೇಳಿದ. ನಕ್ಷತ್ರ ಕೇಳಿದರು, ಅದನ್ನೂ ಹೇಳಿದ. ಹೆಸರು ಶಿವಶಂಕರ ಅಂದಾಗ ಮಾತ್ರ ಚನ್ನಬಸವಣ್ಣನವರು ಒಂದು ಗಳಿಗೆ ತಡೆದರಂತೆ. "ಕುಳ್ಳಯ್ಯ ಕಂಠಪ್ಪ ಅಂದಿದ್ನಲ್ಲ?" ಅಂತ. ಪ್ರಮೀಳಾಳ ಅಜ್ಜಿ ಗದರಿದಳು: "ಅದು ಕರೆಯೋ ಎಸರು, ಇದು ಜಾತಕದ ಎಸರು. ಎರಡೂ ಶಿವನದೇ ಅಲ್ವೇನ್ಲಾ?"

ಆಮೇಲೆ ಪ್ರಮೀಳಾ ಕಾಫಿ ತಂದಳು. ಇದು ಹೆಣ್ಣು ನೋಡುವ ಶಾಸ್ತ್ರ, ಬರಬೇಕಾದ ಗಂಡು ಕಂಠಪ್ಪ ಅಂತ ಶಿವಶಂಕರನಿಗೆ ಆಗ ಗೊತ್ತಾಯಿತು. ಏಳಬೇಕಾದ ಹೊತ್ತು ಅದು. ಅವನು ಏಳಲಿಲ್ಲ. ಅದಾದ ಮೇಲೆ ವೀರಭದ್ರನ ಗುಡಿಗೆ ಕರೆದರು, ಅಲ್ಲಿಗೂ ಹೋಗಿ ಬಂದ.

ಈಗ ಕುಳ್ಳಯ್ಯ ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆದ. "ಸ್ವಾಮಿ, ಗಂಡು ಇವರಲ್ಲ! ಇವರು, ಇವರು!"

ಎಲ್ಲರೂ ಕೆಸರು ಪ್ಯಾಂಟಿನ, ಹೊಟ್ಟೆ ಹಿಡಿದುಕೊಂಡ ಕಂಠಪ್ಪನನ್ನು ನೋಡಿದರು. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಇವನಾದ್ರೆ ಆಗ್ಲಿ, ಅದಕ್ಕೇನೀಗ?" ಅಂದಳು. "ಈ ಅಪ್ಪನ್ನ ಗುಡೀಲಿ ಕೂರಿಸಿ ಕೇಳಾಗೋಯ್ತು. ವೀರಭದ್ರ ಬಲಗಡೆ ಹೂ ಕೊಟ್ಟವ್ನೆ. ದೇವರು ಒಪ್ಪಿದ ಮೇಲೆ ಬ್ರೋಕರ್ ಮಾತೇನು?"

ಚನ್ನಬಸವಣ್ಣ ನ್ಯಾಯದ ಮನುಷ್ಯ. ತಲೆ ತುರಿಸಿಕೊಂಡರು. "ತಪ್ಪು ನಮ್ಮದೂ ಅದೆ. ಬಾಳ್ವೆ ಮಾಡೋಳು ಅವಳು, ಅವಳನ್ನೇ ಕೇಳುವ. ಪ್ರಮೀಳಾ, ಬಾ ಅವ್ವ. ಮನಸಲ್ಲಿರೋದು ಯೋಳು."

ಕಂಠಪ್ಪನಿಗೆ ಹೋದ ಜೀವ ಬಂದಂತಾಯಿತು. ಆರು ತಿಂಗಳ ಗುರುವಾರಗಳು ಅವನ ಕಡೆಗಿದ್ದವು. ಪ್ರಮೀಳಾ ಬಾಗಿಲ ಹತ್ತಿರ ಬಂದು ತಲೆ ತಗ್ಗಿಸಿ ನಿಂತಳು. ಹೇಳಿದಳು:

"ಅಪ್ಪಾಜಿ, ಬ್ರೋಕರ್ ಹೇಳಿದ್ರು ಅಂತ ನಾನು ಒಪ್ಪಲಿಲ್ಲ. ಆರು ತಿಂಗಳಿಂದ ಪ್ರತಿ ಗುರುವಾರ ಈ ಕೆಂಪು ಬೈಕು ನಮ್ಮನೆ ಮುಂದೆ ಓಗ್ತದೆ. ಟವಲು ಸುತ್ಕೊಂಡು, ಕಪ್ಪು ಕನ್ನಡಕ ಹಾಕ್ಕೊಂಡು ಬರೋರು. ಮುಖ ಕಂಡಿರಲಿಲ್ಲ, ಇವತ್ತು ಕಂಡೆ. ಅವರನ್ನ ಬಿಟ್ಟು ನಂಗೆ ಬೇರೆ ಯಾರೂ ಬ್ಯಾಡ."

ಅಷ್ಟು ಹೇಳಿ ಅವಳು ತಲೆ ಎತ್ತಿ ನೋಡಿದ್ದು ಶಿವಶಂಕರನ ಕಡೆಗೆ. ಅವನ ಕೊರಳಲ್ಲಿ ಟವಲಿತ್ತು, ಜೇಬಿನಲ್ಲಿ ಕೂಲಿಂಗ್ ಗ್ಲಾಸ್ ನೇತಾಡುತ್ತಿತ್ತು.

"ಅದು ನಾ..." ಅಂತ ಕಂಠಪ್ಪ ಒಂದು ಹೆಜ್ಜೆ ಮುಂದೆ ಬಂದ. ಹೊಟ್ಟೆಯೊಳಗೆ ಗುಡುಗಿತು. ಅವನು ತಿರುಗಿ ಹುಲ್ಲಿನ ಮೆದೆಯ ಹಿಂದಕ್ಕೆ ಓಡಿದ. ಅಲ್ಲಿ ಕೂತು ಅತ್ತ. ಮೂವತ್ತೊಂದು ವರ್ಷದ ಗಂಡಸು, ಮೆದೆಯ ಹಿಂದೆ ಕೂತು ಹೋ ಅಂತ ಅತ್ತ.

ಅವನು ವಾಪಸು ಬರುವಾಗ ಒಂದೂವರೆಗೆ ಐದು ನಿಮಿಷ ಇತ್ತು. ರಾಹುಕಾಲ ಬಂದುಬಿಡುತ್ತದೆ ಅಂತ ಅವಸರದಲ್ಲಿ ಎಲೆ ಅಡಿಕೆ ಬದಲಾಯಿಸಿ ಮುಗಿಸಿದ್ದರು. ತಾಂಬೂಲದ ತಟ್ಟೆ ಹಿಡಿದು ಮಧ್ಯದಲ್ಲಿ ನಿಂತಿದ್ದವನು ಕುಳ್ಳಯ್ಯ. "ಋಣಾನುಬಂಧ ಸ್ವಾಮಿ, ನಮ್ಮ ಕೈಲಿ ಏನದೆ?" ಅಂದ. ಅವನಿಗೆ ಮದುವೆಯಾದರೆ ಸಾಕಿತ್ತು, ಗಂಡು ಯಾರಾದರೇನು.

ಶಿವಶಂಕರ ಹತ್ತಿರ ಬಂದು ಕಿವಿಯಲ್ಲಿ ಕೇಳಿದ. "ಲೋ ಕಂಠ, ತಪ್ಪಾಯ್ತು ಕಣ್ಲಾ. ನಾನು ಎದ್ದು ಬರಾನ ಅಂತಿದ್ದೆ... ಅಲ್ಲಾ, ಅವಳು ಅದೇನೋ ಗುರುವಾರ ಗುರುವಾರ ಅಂದ್ಲಲ್ಲ, ಏನ್ಲಾ ಅದು? ನಂಗೆ ತಿಳೀನಿಲ್ಲ. ಸುಮ್ನೆ ಹೂಂ ಅಂದುಬುಟ್ಟೆ."

ಕಂಠಪ್ಪ ಅವನ ಮುಖ ನೋಡಿದ. ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಆದರೆ ಬರಿಗೈ ಚಾಚಿ, "ಗಾಡಿ ಕೀ ಕೊಡ್ಲಾ" ಅಂದ.

"ಗೊತ್ತು ಮಾಡಿದ ಗಂಡನ್ನ ಬಸ್ಸಲ್ಲಿ ಕಳಿಸಬಾರದು ಕಣಪ್ಪ," ಅಂದಳು ಅಜ್ಜಿ. ಬೈಕು ಶಿವಶಂಕರನದ್ದಲ್ಲ ಅಂತ ಹೇಳುವ ಗೋಜಿಗೆ ಕುಳ್ಳಯ್ಯನೂ ಹೋಗಲಿಲ್ಲ, ಶಿವಶಂಕರನೂ ಹೋಗಲಿಲ್ಲ. ಕಂಠಪ್ಪ ಮಾತ್ರ ಮೂರು ಗಂಟೆಯ ಬಸ್ಸಿಗೆ ಕಾಯುತ್ತಾ ಜಗಲಿಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕ ಕೂತ.

ಪ್ರಮೀಳಾ ಒಂದು ಲೋಟ ಮಜ್ಜಿಗೆ ತಂದು ಅವನ ಮುಂದಿಟ್ಟಳು. ಇಷ್ಟು ಹತ್ತಿರದಿಂದ ಅವನು ಅವಳನ್ನು ನೋಡಿದ್ದು ಅದೇ ಮೊದಲು. ಅವಳು ಒಳಗೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಂತ ತಿರುಗಿ ನೋಡಿ, ದನಿ ತಗ್ಗಿಸಿದಳು.

"ಅಣ್ಣಾ, ಕ್ವಾಪ ಮಾಡ್ಕೋಬೇಡಿ. ನೀವು ಅವರ ಜೊತೇಲಿ ಕೆಲಸ ಮಾಡೋರಂತೆ. ಒಂದು ಕೇಳ್ಲಾ?"

"ಕೇಳಮ್ಮ."

"ನಮ್ಮನೆ ಹತ್ರ ಬಂದಾಗ ಮಾತ್ರ ಗಾಡಿ ನಿಧಾನ ಆಗ್ತಿತ್ತು. ಅವರು ಬೇಕೂಂತಲೇ ನಿಧಾನ ಮಾಡ್ತಿದ್ರಾ, ಇಲ್ಲ ಇಲ್ಲಿ ರಸ್ತೆ ಕೆಟ್ಟಿರೋದಕ್ಕಾ?"

ಅವಳ ಮುಖದಲ್ಲಿ ಆರು ತಿಂಗಳ ಆಸೆಯೆಲ್ಲ ಬಂದು ನಿಂತಿತ್ತು. ಕಂಠಪ್ಪ ಲೋಟ ಕೈಗೆ ತೆಗೆದುಕೊಂಡ. ಮರದ ಕೆಳಗೆ ಶಿವಶಂಕರ ಬೈಕಿನ ಮೇಲೆ ಕೂತು, ಕನ್ನಡಿಯಲ್ಲಿ ಕ್ರಾಪು ತೀಡಿಕೊಳ್ಳುತ್ತಿದ್ದ.

"ಬೇಕೂಂತಲೇ ಕಣಮ್ಮ," ಅಂದ ಕಂಠಪ್ಪ. "ಎರಡನೇ ಗೇರಿಗೆ ಇಳಿಸ್ತಿದ್ದ."

ಪ್ರಮೀಳಾ ನಾಚಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಕಂಠಪ್ಪ ಮಜ್ಜಿಗೆ ಕುಡಿದು, ಲೋಟವನ್ನು ಜಗಲಿಯ ಮೇಲಿಟ್ಟು, ಬಸ್ಸಿನ ಕಡೆಗೆ ನಡೆದ.