ಹೂಲಿ–ಸವಡಿ ಇಳಿಜಾರು ಸಮರ

ಎತ್ತಿದ್ದೆನೋ, ಎತ್ತಿರಲಿಲ್ಲವೋ? ಹೆಬ್ಬೆರಳು ತನ್ನದೇ, ಕೈಯೂ ತನ್ನದೇ. ಆದರೂ ಅಮಾವಾಸ್ಯೆಯ ಮರುದಿನ ನೆಲದ ಲೆವೆಲ್ ಹಿಡಿಯುವಾಗ ಅದು ಪೈಪಿನ ಬಾಯ ಮೇಲಿತ್ತೋ ಪಕ್ಕದಲ್ಲಿತ್ತೋ ಎಂಬ ಅಲ್ಪ ಸಂಗತಿ ಗುರುಶಾಂತ ಹೂಲಿ ಮಾಸ್ತರರಿಗೆ ನೆನಪಾಗುತ್ತಿರಲಿಲ್ಲ. ಎದುರಿಗೆ, ಗೆಳೆಯನ ಪ್ಲಾಟಿನ ಪಾಯಾದಲ್ಲಿ, ರಾತ್ರಿಯ ಮಳೆನೀರು ಆಕಾಶವನ್ನು ತೋರಿಸುತ್ತ ಮಲಗಿತ್ತು.

ಅಗೆದರೂ ತುಂಬಿದರೂ ತುಟಿ ಬಿಚ್ಚದ ವಸುಂಧರೆಯೇ, ಗುಂಟೆಗಳಾಗಿ ಸೀಳಿ ಮಾರಿದರೂ ಸುಮ್ಮನಿರುವ ಸರ್ವಂಸಹೆಯೇ, ಈ ಕಥೆಯನ್ನು ಹೇಳಲು ನಮಗೆ ಬಾಯಿ ಕೊಡು. ಎರೆಹೊಲಗಳು ರಾತ್ರೋರಾತ್ರಿ ಲೇಔಟುಗಳಾಗಿ ಅವತಾರವೆತ್ತುವ, ಹೊಲಕ್ಕೆ ಕೃಷಿಯೇತರ ಮುದ್ರೆ ಬೀಳುವ, ಯುಗಗಳಲ್ಲಿ ಕಡೆಯದಾದ ಈ ಎನ್‌ಎ ಯುಗದಲ್ಲಿ, ಗದಗ ಪಟ್ಟಣದ ಹೊರವಲಯದಲ್ಲಿ ಇಬ್ಬರು ಭೂಪತಿಗಳಿದ್ದರು. ಒಬ್ಬರು ನವಮತರಗತಿ‌ಭಯಂಕರರೂ ವಿಜ್ಞಾನಬೋಧನಧುರಂಧರರೂ ಆದ ಗುರುಶಾಂತ ಮಾಸ್ತರರು. ಇನ್ನೊಬ್ಬ ಗೋಧೂಮಜೋಳಚೂರ್ಣಧವಳಿತಗಾತ್ರನಾದ, ಹಿಟ್ಟಿನ ಗಿರಣಿಯ ಒಡೆಯ ಅಂದಾನೆಪ್ಪ ಸವಡಿ. ಒಂದೇ ಬೆಂಚಿನ ಮೇಲೆ ಕೂತು ಒಂದೇ ಬೆತ್ತದಿಂದ ಏಟು ತಿಂದವರು. ಮುಪ್ಪಿನಲ್ಲಿಯೂ ಅಕ್ಕಪಕ್ಕ ಇರಬೇಕೆಂದು ಒಂದಕ್ಕೊಂದು ತಾಗಿದ ಪ್ಲಾಟು ಹಿಡಿದು, ನಡುವಿನ ಗೋಡೆಯಲ್ಲಿ ಚಹಾಕ್ಕೆ ಹೋಗಿ ಬರಲೊಂದು ಸಣ್ಣ ಗೇಟು ಇಡುವುದೆಂದು ಮಾತಾಡಿಕೊಂಡವರು.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಎರಡೂ ಹೊತ್ತಿನಲ್ಲಿ ಗೋಡೆಯನ್ನು ಸೀಳುತ್ತದೆ. ಆದ್ದರಿಂದ ಎರಡೂ ಪ್ಲಾಟುಗಳ ನೆಲವನ್ನು ಅಂದಾನೆಪ್ಪನ ಕಡೆಯ ಹಿಂದಿನ ಮೂಲೆಯಿಂದ ರಸ್ತೆಯ ಗಟಾರದ ಕಡೆಗೆ ಇಳಿಜಾರಾಗಿ ಕೆತ್ತಬೇಕಿತ್ತು. ಅದಕ್ಕೆಂದೇ ಪೀತವರ್ಣದ, ಏಕಶುಂಡಾಧರ, ಡೀಸೆಲ್‌ಪಾನಮತ್ತ ಐರಾವತವೊಂದು ಬಾಡಿಗೆಗೆ ಬಂತು; ಜನ ಅದನ್ನು ಜೆಸಿಬಿ ಎನ್ನುತ್ತಾರೆ. ಆದರೆ ಆನೆಗೆ ದಾರಿ ತೋರಿಸಲು ಗೂಟಗಳಿಗೆ ಮೊಳೆಯ ಗುರುತು ಬೇಕು. ಲೆವೆಲ್ ಹಿಡಿಯಲು ಬೇರೆ ಯಾರನ್ನಾದರೂ ಕರೆಯೋಣವೆಂದ ಅಂದಾನೆಪ್ಪನನ್ನು ಮಾಸ್ತರರು ಕೈಯೆತ್ತಿ ತಡೆದಿದ್ದರು.

“ನೀರು ಸುಳ್ಳು ಹೇಳೂದಿಲ್ಲೋ ಅಂದಾನಿ. ಪ್ರತಿ ವರ್ಷಾ ಹುಡುಗ್ರಿಗೆ ಇದನ್ನ ಕಲಸ್ತೇನಿ. ಒಂದು ಪೈಪು, ಒಂದು ತಂಬಿಗಿ ನೀರು, ಮುಗೀತು.”

ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ಗಟಾರದ ಬಳಿ ಮಾಸ್ತರರ ಕೈಯಲ್ಲಿ, ಇನ್ನೊಂದು ತುದಿ ಹಿಂದಿನ ಮೂಲೆಯಲ್ಲಿ ಅಂದಾನೆಪ್ಪನ ಕೈಯಲ್ಲಿ. ನಡೆಯುವಾಗ ನೀರು ಚೆಲ್ಲದಂತೆ ಹೆಬ್ಬೆರಳಿನಿಂದ ಬಾಯಿ ಮುಚ್ಚಬೇಕು. ನಿಂತು ಗುರುತು ಹಾಕುವಾಗ ಎರಡೂ ಕಡೆ ಹೆಬ್ಬೆರಳು ತೆಗೆಯಬೇಕು. ಗಾಳಿ ಆಡದಿದ್ದರೆ ನೀರು ಸಮಕ್ಕೆ ಬರುವುದಿಲ್ಲ. ಇದು ಈ ಶಾಸ್ತ್ರದ ಏಕೈಕ ಸೂತ್ರ.

ಈಗ ಮಳೆಯ ಮರುದಿನದ ಆ ಪ್ರಭಾತದಲ್ಲಿ, ಪಂಚೆಯನ್ನು ಮೊಣಕಾಲಿಗೆ ಕಟ್ಟಿ, ಸಲಿಕೆಯನ್ನು ಗದೆಯಂತೆ ಹೆಗಲಿಗೇರಿಸಿ ಅಂದಾನೆಪ್ಪ ಬಂದ.

“ಏನಪಾ ಗುರ್ಯಾ, ನಿನ್ನ ನೀರು ನನ್ನ ಪಾಯಾದಾಗ ಸಂಸಾರ ಹೂಡೈತಿ. ಕಪ್ಪಿ ಸೈತ ಗೃಹಪ್ರವೇಶ ಮುಗಿಸ್ಯಾವು. ನಾ ಇನ್ನೂ ಐನೋರನ್ನ ಕರದಿಲ್ಲ.”

ಮಾಸ್ತರರು ಎದೆ ಸೆಟೆದರು. “ಲೆವೆಲ್ ಹಿಡದಾವ ಯಾರು ಅನ್ನೂದು ಗೊತ್ತೈತೆನು ನಿನಗ? ಇಪ್ಪತ್ತೆರಡು ವರ್ಷ ಪಾಠಾ ಮಾಡಿದ ಕೈ ಇದು. ನೀರು ನನ್ನ ಮಾತು ಮೀರಂಗಿಲ್ಲ.”

“ಹಂಗಾರ ಈ ತಗ್ಗು ನಮ್ಮಜ್ಜ ಎದ್ದು ಬಂದು ತೋಡಿದ್ನೇನು?”

“ನಿನ್ನ ಗಿರಣಿ ಹಿಟ್ಟಿನಂಗ ಉದುರು ಮಣ್ಣು. ಕುಸದೈತಿ.”

ಆಗ ಸಮರ ಮೊದಲಾಯಿತು. ಮಾಸ್ತರರ ಪ್ಲಾಟಿನಿಂದ ಬರುವ ನೀರನ್ನು ತಡೆಯಲು ಅಂದಾನೆಪ್ಪ ಗಡಿಯುದ್ದಕ್ಕೂ ಗರಸುಮಣ್ಣಿನ ಒಡ್ಡು ಏರಿಸಿದ. ಇತ್ತ ನೀರು ನಿಂತೀತೆಂದು ಮಾಸ್ತರರು ಅದನ್ನು ಕಾಲಿನಿಂದಲೇ ಧ್ವಂಸಗೊಳಿಸಿದರು. ಮತ್ತೆ ಏರಿತು, ಮತ್ತೆ ಬಿತ್ತು. ಕರ್ದಮಚರ್ಚಿತಾಂಗರಾದ ವೀರರಿಬ್ಬರ ಏದುಸಿರಿಗೆ ಕಪ್ಪೆಗಳು ಮೌನ ತಾಳಿದವು. ಮೂರನೆಯ ಆಕ್ರಮಣದಲ್ಲಿ ಮಾಸ್ತರರ ಎಡಗಾಲ ಚಪ್ಪಲಿಯನ್ನು ಎರೆಮಣ್ಣು ನುಂಗಿತು. ಏಕಪಾದರಕ್ಷಾಧಾರಿಯಾಗಿ ಅವರು ಕುಂಟುತ್ತ ಹಿಂದೆ ಸರಿದಾಗ, ಅಂದಾನೆಪ್ಪ ಸಲಿಕೆಯನ್ನು ನೆಲಕ್ಕೆ ನೆಟ್ಟು, ದನಿ ಇಳಿಸಿ ಹೇಳಿದ:

“ಆ ಗೇಟು ಬ್ಯಾಡ ಬಿಡು. ಏಳು ಫೂಟು ಗ್ವಾಡಿ ಏರಸ್ತೇನಿ. ನೀ ಅತ್ತ, ನಾ ಇತ್ತ.”

ಗೆಳೆಯ ಚೀರಾಡಿದ್ದರೆ ಮಾಸ್ತರರು ಉತ್ತರ ಕೊಡಬಹುದಿತ್ತು. ಆ ಇಳಿದ ದನಿಗೆ, ಬೇಡವೆಂದರೂ, ಅಂದಿನ ದೃಶ್ಯ ಪೂರ್ತಿ ತೆರೆದುಕೊಂಡಿತು. ವಾಕಿಂಗ್ ಬಂದ ಯಾರೋ ಒಬ್ಬರು ಗಟಾರದ ಬಳಿ ನಿಂತು ‘ಇದೇನ್ರಿ ಸರ?’ ಎಂದು ಕೇಳಿದ್ದರು. ನಾನು ಬಲಗೈ ಬೀಸುತ್ತ ದ್ರವಗಳ ಒತ್ತಡದ ಪಾಠ ಶುರುಮಾಡಿದ್ದೆ. ಹಿಂದಿನ ಮೂಲೆಯಿಂದ ಅಂದಾನಿ ‘ಮೊಳಿ ಬಡೀಲೇನೋ?’ ಎಂದು ಕೂಗಿದ್ದ. ತಿರುಗಿಯೂ ನೋಡದೆ ‘ಬಡಿ’ ಅಂದಿದ್ದೆ. ಎಡಗೈ ಹೆಬ್ಬೆರಳಿನ ಮೇಲೆ ಪೈಪಿನ ಬಾಯಿ ಒತ್ತಿದ ದುಂಡನೆಯ ಗುರುತು, ಮನೆಗೆ ಹೋಗಿ ಊಟಕ್ಕೆ ಕೂತಾಗಲೂ ಮಾಸಿರಲಿಲ್ಲ.

“ಇನ್ನೊಮ್ಮಿ ಹಿಡಿಯೂಣು,” ಎಂದರು ಮಾಸ್ತರರು.

ಪೈಪು ಬಂತು, ನೀರು ತುಂಬಿತು. ಶರಶಯ್ಯೆಗೆ ನಡೆಯುವವರ ಗಾಂಭೀರ್ಯದಿಂದ ಇಬ್ಬರೂ ತಮ್ಮ ತಮ್ಮ ಗೂಟಗಳತ್ತ ನಡೆದರು. ಮಾಸ್ತರರು ಈ ಸಲ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಷ್ಟು ದೂರ ಎತ್ತಿದರು. ನೋಡಲು ಯಾರೂ ಇರಲಿಲ್ಲ. ಅತ್ತ ಮೂಲೆಯ ಗೂಟದ ಬಳಿ ನೀರು ನಡುಗಿ, ಏರಿ, ಹಳೆಯ ಮೊಳೆಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ಅಷ್ಟು ತಗ್ಗಿನ ಮೊಳೆ ನೋಡಿ ಐರಾವತವು ಅಷ್ಟೂ ಹೆಚ್ಚಿಗೆ ಅಗೆದಿತ್ತು.

ಅಂದಾನೆಪ್ಪ ಬಗ್ಗಿ ನೋಡಿದ. ಕಣ್ಣು ಕಿರಿದಾಗಿಸಿ ಮತ್ತೆ ನೋಡಿದ. ಮಾಸ್ತರರು ಬಾಯಿ ತೆರೆದರು.

“ಅಯ್ಯ ನನ್ನ,” ಎಂದು ಅಂದಾನೆಪ್ಪ ಹಣೆ ಬಡಿದುಕೊಂಡ. “ನಾನ ತಪ್ಪು ಬಡದೇನಲೋ. ಅವತ್ತ ಚಷ್ಮಾ ಗಿರಣ್ಯಾಗ ಬಿಟ್ಟು ಬಂದಿದ್ನಿ. ಸುಮ್ನ ನಿನಗ ಬೈದ್ನೆಲ್ಲೋ ಮಾರಾಯ.”

ಮಾಸ್ತರರ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಚಹಾದ ಕಿಟ್ಲಿ ಹಿಡಿದು ಬಂದ ಅಂದಾನೆಪ್ಪನ ಹೆಂಡತಿ ನಿಂಗವ್ವ ಇಬ್ಬರ ಅವತಾರ ನೋಡಿ, “ಹಿಂಗ ಎಮ್ಮಿಗತೆ ಹೊರಳ್ಯಾಡೂದಿದ್ರ ಹೊಂಡಕ್ಕ ಹೋಗಬೇಕಿತ್ತಿಲ್ರಿ, ಪ್ಲಾಟ್ಯಾಕ ಬೇಕಿತ್ತು?” ಎಂದಳು. ಸಲಿಕೆ ಕಸಿದುಕೊಂಡು, ಪಾಯಾದಿಂದ ಗಟಾರದವರೆಗೆ ಬಚ್ಚಲಗಾಲುವೆಯಂಥ ಒಂದು ಗೀರು ಎಳೆದಳು. ಮಹಾಸಾಗರ ಗುಳುಗುಳು ಎನ್ನುತ್ತ ಚಹಾ ಮುಗಿಯುವುದರೊಳಗೆ ಹರಿದುಹೋಯಿತು. ತಗ್ಗಿಗೆ ಒಂದು ಟ್ರ್ಯಾಲಿ ಗರಸು ಸಾಕಾಯಿತು. ಚಪ್ಪಲಿ ಮಾತ್ರ ಸಿಗಲಿಲ್ಲ.

ಮನೆಗಳೆರಡೂ ಎದ್ದವು, ನಡುವೆ ಗೇಟೂ ಬಂತು. ಸಂಜೆ ಮಾಸ್ತರರು ಅದರಲ್ಲಿ ಬಗ್ಗಿ ಚಹಾಕ್ಕೆ ಹೋಗುತ್ತಾರೆ. ಬಂದ ಬೀಗರಿಗೆಲ್ಲ ಅಂದಾನೆಪ್ಪ ತನ್ನ ಕುರುಡುಗಣ್ಣಿನ ಕಥೆ ಹೇಳಿ ನಗಿಸುತ್ತಾನೆ. ಮಾಸ್ತರರು ಬಸಿಯಲ್ಲಿನ ಚಹಾ ಊದುತ್ತಾರೆ. ಅಂದು ತಮ್ಮ ಹೆಬ್ಬೆರಳು ಪೈಪಿನ ಬಾಯ ಮೇಲೆಯೇ ಇತ್ತೆಂದು ಅವರು ಎಂದೂ ಹೇಳಲಿಲ್ಲ.